ನಾವು ಹಾರುತ್ತಿದ್ದೇವೆ

ಬಸ್ಸು ಸಿಂದಗಿ ಊರನ್ನು ಇನ್ನೂ ಪೂರ್ತಿ ದಾಟಿರಲಿಲ್ಲ, ಭೀಮಶ್ಯಾನಿಗೆ ತಾನು ಸಂತೋಷವಾಗಿದ್ದೇನೇನೋ ಎಂಬ ಸಂಶಯ ಬಂತು. ಬಂದದ್ದೇ ತಡ, ಅದು ಹೆಂಡತಿಗೆ ಕಾಣದಿರಲೆಂದು ಮುಖವನ್ನು ಕಿಟಕಿಯ ಕಡೆ ತಿರುಗಿಸಿದ. ಸುರೇಖಾ ಪಕ್ಕದಲ್ಲಿ ಹೊಸ ಸೀರೆಯ ಸೆರಗನ್ನು ಮಡಿಲಲ್ಲಿ ಮಡಚಿ ಹಿಡಿದು ಎದುರಿನ ಸೀಟಿನ ಬೆನ್ನನ್ನೇ ನೋಡುತ್ತ ಕೂತಿದ್ದಳು. ಮಗಳು ಕಷ್ಟದಲ್ಲಿರುವಾಗ ತಂದೆಯ ಎದೆ ಭಾರವಾಗಿರಬೇಕು. ಅವನದು ಪರೀಕ್ಷೆ ಮುಂದಕ್ಕೆ ಹೋದ ಹುಡುಗನ ಎದೆಯಂತೆ ಹಗುರಾಗಿತ್ತು. ನಿನ್ನೆ ಸಂಜೆ ಪಲ್ಲವಿ ಹೈದರಾಬಾದಿನ ಹತ್ತಿರದ ವಾಯುಪಡೆಯ ತರಬೇತಿ ನೆಲೆಯಿಂದ ಫೋನು ಮಾಡಿದ್ದಳು. ಹಾರುವಾಗ ಮತ್ತೆ ತಲೆ ತಿರುಗಿತೆಂದೂ, ವೈದ್ಯರು ಸದ್ಯಕ್ಕೆ ವಿಮಾನ ಹತ್ತಬೇಡ ಎಂದಿದ್ದಾರೆಂದೂ, ಮುಂದಿನ ವಾರ ತಪಾಸಣೆ ಮಾಡಿ ಅವಳು ಪೈಲಟ್ ಆಗಿಯೇ ಮುಂದುವರಿಯಬೇಕೋ ನೆಲದ ಮೇಲಿನ ಕೆಲಸಕ್ಕೆ ಹೋಗಬೇಕೋ ತೀರ್ಮಾನಿಸುತ್ತಾರೆಂದೂ ಹೇಳಿದ್ದಳು. ಅಯ್ಯ, ಹಿಂಗಾತೇನವ್ವಾ ಎಂದು ಭೀಮಶ್ಯಾ ಅಂದಿದ್ದ. ಸಾವಾದ ಮನೆಗೆ ಮಾತಾಡಿಸಲು ಹೋದಾಗ ಬಳಸುವ ದನಿ ಅದು, ಸುಲಭವಾಗಿ ಬಂತು. ಫೋನು ಇಟ್ಟು ಊಟಕ್ಕೆ ಕೂತವನು ದಿನಕ್ಕಿಂತ ಒಂದು ರೊಟ್ಟಿ ಹೆಚ್ಚು ತಿಂದ. ತಿಂದದ್ದು ಅವನಿಗೆ ಗೊತ್ತಾದದ್ದು, ಸುರೇಖಾ ಬುಟ್ಟಿಯ ಮೇಲಿನ ಬಟ್ಟೆ ಸರಿಸಿ ಇನ್ನೊಂದನ್ನು ತಾಟಿಗೆ ಹಾಕಿದಾಗ. ಅದನ್ನೂ ತಿಂದ.

ಮುದ್ದೇಬಿಹಾಳದ ಕಾಲೇಜೊಂದರಲ್ಲಿ ಇವತ್ತು ಅವರಿಬ್ಬರಿಗೂ ಸನ್ಮಾನವಿತ್ತು. ಹೋಗುವುದು ಬೇಕೇ ಎಂದು ಸುರೇಖಾ ಬೆಳಿಗ್ಗೆ ಕೇಳಿದ್ದಳು. ಮಾತು ಕೊಟ್ಟಾಗಿದೆ, ಬ್ಯಾನರ್ ಹೊಡೆಸಿರುತ್ತಾರೆ ಎಂದು ಭೀಮಶ್ಯಾ ಅಂದಿದ್ದ. ಕಾರು ಕಳಿಸುತ್ತೇವೆ ಎಂದಿದ್ದ ಸಂಘಟಕರು ನಿನ್ನೆ ರಾತ್ರಿ, ಕಾರು ಶಾಸಕರ ಕಡೆಯವರನ್ನು ಕರೆತರಲು ಹೋಗಬೇಕಾಗಿದೆ, ನೀವು ಬಸ್ಸಿಗೆ ಬಂದರೆ ಸ್ಟ್ಯಾಂಡಿನಿಂದ ಕರೆದುಕೊಳ್ಳುತ್ತೇವೆ ಎಂದು ತಿಳಿಸಿದ್ದರು. ಅವನು ತನಗೆ ಬಸ್ಸೇ ಇಷ್ಟ, ಹೊಲದ ಬೆಳೆ ನೋಡುತ್ತ ಬರಬಹುದು ಎಂದು ಉತ್ತರ ಕೊಟ್ಟ. ಹೀಗೆ ಯಾರೂ ಕೇಳದ ಸುಳ್ಳುಗಳನ್ನು ಹೇಳುವ ಅಭ್ಯಾಸ ಅವನಿಗೆ ಈ ಎರಡು ವರ್ಷಗಳಲ್ಲಿ ಹತ್ತಿತ್ತು. ಹೊರ್ತಿಯಲ್ಲಿ ಹುಟ್ಟಿ ಸಿಂದಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತ, ಕಾಗದದ ಪಟ್ಟಿಯ ಮೇಲೆ ಊದಿ ಅದು ಏರುವುದನ್ನು ತೋರಿಸಿ, ವಿಮಾನ ಹಾರುವುದು ಹೀಗೆ ಎಂದು ವರ್ಷಕ್ಕೊಮ್ಮೆ ಹೇಳಿ ಮುಗಿಸುತ್ತಿದ್ದ ಮಾಸ್ತರನನ್ನು ಅಲ್ಲಿಯವರೆಗೆ ಯಾರೂ ಎಲ್ಲಿಗೂ ಕರೆದಿರಲಿಲ್ಲ. ಮಗಳು ಆಯ್ಕೆಯಾದ ಮೇಲೆ ಇಂಡಿ ಪಟ್ಟಣದಲ್ಲಿ ಕರೆದರು, ಬಸವನ ಬಾಗೇವಾಡಿಯಲ್ಲಿ ಎರಡು ಕಡೆ ಕರೆದರು, ಮತ್ತೆರಡು ಊರುಗಳಲ್ಲೂ ಕರೆದರು. ಮಕ್ಕಳನ್ನು ಪೈಲಟ್ ಮಾಡುವುದು ಹೇಗೆ ಎಂದು ಅವನು ಮಾತಾಡುತ್ತಿದ್ದ. ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಓದಿದವಳು ಅವಳು, ಮುಂಜಾನೆ ಕೆರೆಯ ಏರಿಯ ಮೇಲೆ ಓಡಿದವಳು ಅವಳು, ಎರಡು ಸಲ ಸಂದರ್ಶನದಲ್ಲಿ ಬಿದ್ದು ಅತ್ತು ಮೂರನೆಯ ಸಲ ಹೋದವಳು ಅವಳು. ಇವನು ಮಾಡಿದ್ದೆಂದರೆ ಅವಳ ಹಿಂದೆ ಸೈಕಲ್ಲಿನ ಮೇಲೆ ಕೂತು ಕೈಗಡಿಯಾರ ನೋಡಿದ್ದು. ಆದರೂ ಮೈಕಿನ ಮುಂದೆ ನಿಂತಾಗ ಬಾಯಲ್ಲಿ ಬರುತ್ತಿದ್ದುದು ‘ನಾವು’. ನಾವು ಈಗ ಮೊದಲ ಹಂತ ಮುಗಿಸಿದೆವು. ಹೋದ ತಿಂಗಳು ನಾವು ಒಬ್ಬರೇ ವಿಮಾನ ಹಾರಿಸಿದೆವು. ನಾವು ಒಬ್ಬರೇ, ಎಂದಾಗ ಇಂಡಿಯ ಸಭೆಯಲ್ಲಿ ಯಾರೋ ಹಿಂದಿನ ಸಾಲಿನಲ್ಲಿ ನಕ್ಕಿದ್ದರು. ಯಾಕೆ ನಕ್ಕರೆಂದು ಅವನಿಗೆ ತಿಳಿದದ್ದು ಮನೆಗೆ ಬಂದು ಕೈಕಾಲು ತೊಳೆಯುವಾಗ. ಮತ್ತು ಈಗ, ತಲೆ ತಿರುಗಿದೆ ಎಂದು ಸುದ್ದಿ ಬಂದ ಕೂಡಲೇ, ‘ನಾವು’ ಹೋಗಿ ‘ಅವಳು’ ಆಗಿತ್ತು. ಅವಳಿಗೆ ತಲೆ ತಿರುಗಿತಂತೆ. ಅವಳನ್ನು ನಿಲ್ಲಿಸಿದ್ದಾರಂತೆ. ವ್ಯಾಕರಣ ತನ್ನಷ್ಟಕ್ಕೆ ತಾನೇ ಹೀಗೆ ಬದಲಾದದ್ದನ್ನು ಗಮನಿಸಿ ಅವನಿಗೆ ತನ್ನ ಬಗ್ಗೆ ಒಂದು ರೀತಿಯ ಮೆಚ್ಚುಗೆಯೂ ಆಯಿತು.

ಬಸ್ಸು ಹೊಲಗಳ ನಡುವೆ ಓಡುತ್ತಿತ್ತು. ಎರಡೂ ಕಡೆ ತೊಗರಿ ಎದ್ದಿತ್ತು. ಕಪ್ಪು ಎರೆಮಣ್ಣನ್ನು ನೋಡಿದರೆ ಈಚೆಗೆ ಅವನಿಗೆ ಒಂದೇ ಚಿತ್ರ ಬರುತ್ತಿತ್ತು. ಕೆಲವು ತಿಂಗಳ ಹಿಂದೆ ಟಿವಿಯಲ್ಲಿ ಯಾವುದೋ ದೂರದ ರಾಜ್ಯದ ಹೊಲವೊಂದರಲ್ಲಿ ಬಿದ್ದ ತರಬೇತಿ ವಿಮಾನವನ್ನು ತೋರಿಸಿದ್ದರು. ಸುತ್ತ ಜನ ನಿಂತಿದ್ದರು, ನಡುವೆ ಕಪ್ಪಗೆ ಏನೋ ಹೊಗೆಯಾಡುತ್ತಿತ್ತು, ಅದರ ಬದಿಗೆ ಒಂದು ಎತ್ತು ಏನೂ ಆಗಿಲ್ಲವೆನ್ನುವಂತೆ ಮೇಯುತ್ತಿತ್ತು. ಸುರೇಖಾ ಅಡುಗೆಮನೆಯಿಂದ ಬಂದು ನಿಂತು ನೋಡಿ, ಒಳಗೆ ಹೋದಳು. ಅವನು ವಾಹಿನಿ ಬದಲಿಸಿ ಕ್ರಿಕೆಟ್ ಹಚ್ಚಿದ. ಅಂದಿನಿಂದ ಅವನಿಗೆ ಭಯ ಶುರುವಾಯಿತು. ಅದು ದೊಡ್ಡ ಭಯವೂ ಅಲ್ಲ, ಯಾರ ಮುಂದಾದರೂ ಹೇಳಿಕೊಳ್ಳಬಹುದಾದ ಗೌರವದ ಭಯವೂ ಅಲ್ಲ. ಪಾಠದ ನಡುವೆ ಕಿಸೆಯಲ್ಲಿ ಫೋನು ಅಲುಗಿದರೆ ಅಂಗೈ ತಣ್ಣಗಾಗುವಂಥ, ಬ್ಯಾಂಕಿನವರು ಸಾಲ ಬೇಕೇ ಎಂದು ಕೇಳಲು ಮಾಡಿದ ಫೋನೆಂದು ತಿಳಿದಾಗ ಅವರ ಮೇಲೆ ಪ್ರೀತಿ ಉಕ್ಕುವಂಥ ಭಯ. ಸಭೆಗಳಲ್ಲಿ ಅವನ ದನಿ ಮಾತ್ರ ದಿನೇದಿನೇ ಏರಿತು. ಭಯ ಹೆಚ್ಚಾದಷ್ಟೂ ಮಾತು ಚೆನ್ನಾಗಿ ಬರುತ್ತಿತ್ತು.

ಆಮೇಲೆ ಅವನು ಮಾಡಿದ ಕೆಲಸವನ್ನು ಅವನೇ ನಂಬಲಾರ. ಮನೆಯಲ್ಲಿ ಬುದ್ಧನ ಮೂರ್ತಿಯಿತ್ತು, ಬಾಬಾಸಾಹೇಬರ ಫೋಟೋ ಇತ್ತು. ಅವರಿಬ್ಬರ ಮುಂದೆ ನಿಂತು ಇಂಥದನ್ನು ಕೇಳುವಂತಿರಲಿಲ್ಲ. ಇಬ್ಬರೂ ಕಾರಣ ಕೇಳುವವರು. ಹೀಗಾಗಿ ಒಂದು ಶನಿವಾರ ಶಾಲೆ ಬಿಟ್ಟ ಮೇಲೆ, ಗೆಳೆಯನ ಮಗಳ ನಿಶ್ಚಯಕ್ಕೆ ಹೋಗುತ್ತೇನೆಂದು ಹೇಳಿ ಮನಗೂಳಿ ಹಾದಿಯ ದರ್ಗಾಕ್ಕೆ ಹೋದ. ಗೊತ್ತಿದ್ದವರು ಕಂಡರೆ ಕಟ್ಟಡ ನೋಡಲು ಬಂದೆನೆಂದು ಹೇಳಲು ಸಿದ್ಧನಾಗಿ, ಕರವಸ್ತ್ರವನ್ನು ತಲೆಗೆ ಕಟ್ಟಿಕೊಂಡು ನಿಂತು, ಮನಸ್ಸಿನಲ್ಲೇ ಅರ್ಜಿ ಹಾಕಿದ: ಅವಳಿಗೆ ಏನೂ ಆಗಬಾರದು, ಆದರೆ ಅವಳು ಹಾರಬಾರದು. ಮೇಲಧಿಕಾರಿಯ ಮುಂದೆ ನಿಂತವನಂತೆ, ನೌಕರಿ ಮಾತ್ರ ಉಳಿಯಲಿ, ಸಮವಸ್ತ್ರವೂ ಇರಲಿ ಎಂದು ಷರತ್ತುಗಳನ್ನೂ ಸೇರಿಸಿದ. ಕಣ್ಣು ತೆರೆದರೆ ಪಕ್ಕದಲ್ಲೇ ರಸೂಲಸಾಬ. ಅದೇ ಶಾಲೆಯಲ್ಲಿ ಕನ್ನಡ ಕಲಿಸುವವನು, ಇಪ್ಪತ್ತು ವರ್ಷದ ಗೆಳೆಯ. ದೇವರಿಲ್ಲವೆಂದು ಭೀಮಶ್ಯಾ ಸ್ಟಾಫ್ ರೂಮಿನಲ್ಲಿ ಇಪ್ಪತ್ತು ವರ್ಷ ವಾದ ಹೂಡಿದ್ದು ಅವನೊಂದಿಗೇ. ರಸೂಲಸಾಬ ಏನನ್ನೂ ಕೇಳಲಿಲ್ಲ. ಅಂಗೈಗೆ ಒಂದಿಷ್ಟು ಸಕ್ಕರೆ ಹಾಕಿ, ಬೈಕಿನ ಮೇಲೆ ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಹೋದ. ಸೋಮವಾರವೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ. ಕೇಳಿದ್ದರೆ ಭೀಮಶ್ಯಾ ಜಗಳವಾಡಿ ಪಾರಾಗುತ್ತಿದ್ದ. ಅದಾದ ಕೆಲವೇ ವಾರಕ್ಕೆ ಪಲ್ಲವಿಗೆ ಆಕಾಶದಲ್ಲಿ ತಲೆ ತಿರುಗಿತು. ಒಂದಾದ ಮೇಲೆ ಒಂದು ಆಯಿತೆಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತೆಂದು ಅರ್ಥವಲ್ಲ ಎಂದು ಎಂಟನೆಯ ತರಗತಿಗೆ ಅವನೇ ಕಲಿಸುತ್ತಾನೆ. ಆದರೆ ಕೇಳಿದ್ದು ಕೇಳಿದ ಹಾಗೆಯೇ, ಷರತ್ತುಗಳ ಸಮೇತ, ಸಿಕ್ಕಿತ್ತು.

ಬಸವನ ಬಾಗೇವಾಡಿಯ ಸ್ಟ್ಯಾಂಡಿನಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಭೀಮಶ್ಯಾ ಇಳಿಯಲಿಲ್ಲ. ಹೊಟ್ಟೆಯಲ್ಲಿ ಆಗಲೇ ಏನೋ ಮಗುಚುತ್ತಿತ್ತು. ಇದು ಅವನ ಇನ್ನೊಂದು ಗುಟ್ಟು. ಚಿಕ್ಕಂದಿನಿಂದ ಬಸ್ಸು ಹತ್ತಿದರೆ ಅವನಿಗೆ ತಲೆ ತಿರುಗುತ್ತದೆ; ಎರಡನೆಯ ಮಹಡಿಯಿಂದ ಕೆಳಗೆ ನೋಡಿದರೂ ತಿರುಗುತ್ತದೆ. ಗ್ರಹಣ ತೋರಿಸಲು ಮಕ್ಕಳನ್ನು ಶಾಲೆಯ ಮಾಳಿಗೆಗೆ ಹತ್ತಿಸಿದ ದಿನ ಕುಸಿದು ಕೂತು, ಬಿಸಿಲು ಬಡಿದಿದೆ ಎಂದಿದ್ದ. ಆ ಹೊತ್ತಿಗೆ ಸೂರ್ಯ ಅರ್ಧ ಮುಚ್ಚಿದ್ದ. ಕಿಟಕಿಯ ಸೀಟೇ ಬೇಕೆಂದು ಹಟ ಮಾಡುವುದು ಬೆಳೆ ನೋಡುವುದಕ್ಕೆಂದು ಮನೆಮಂದಿ ನಂಬಿದ್ದರು, ಅಥವಾ ಅವರು ನಂಬಿದ್ದಾರೆಂದು ಅವನು ನಂಬಿದ್ದ. ಮಗಳು ಫೋನಿನಲ್ಲಿ ‘ತಲಿ ತಿರುಗತೈತಿ’ ಎಂದಾಗ ಅವನ ಸಂತೋಷದ ಅಡಿಯಲ್ಲಿ ಇನ್ನೇನೋ ಚುಚ್ಚಿದ್ದು ಅದಕ್ಕೇ. ದರ್ಗಾ ಬರೀ ನೆವ. ಅವಳು ಇದನ್ನು ತಂದದ್ದು ಇವನಿಂದ. ಬಣ್ಣ ತಾಯಿಯದು, ಹಟ ತಾಯಿಯದು, ತಂದೆಯದೆಂದು ಅವಳು ಆಕಾಶಕ್ಕೆ ಒಯ್ದದ್ದು ಇದೊಂದನ್ನೇ. ಸುರೇಖಾ ಕೆಳಗಿಳಿದು ಹೋಗಿ ಒಂದು ನಿಂಬೆಹಣ್ಣು ತಂದು ಅವನ ಕೈಗಿಟ್ಟಳು. ಅವನು ಅದನ್ನು ಮೂಗಿಗೆ ಹಿಡಿದುಕೊಂಡ.

ಕಾಲೇಜಿನ ಗೇಟಿನಲ್ಲಿ ಬ್ಯಾನರ್ ಕಟ್ಟಿದ್ದರು. ‘ವೀರ ಪಾಲಕರಿಗೆ ಸನ್ಮಾನ’. ಮೂಲೆಯಲ್ಲಿ ಒಂದು ವಿಮಾನ, ಅದು ಸೇನೆಯದಲ್ಲ, ಊರಿಂದೂರಿಗೆ ಜನರನ್ನು ಒಯ್ಯುವ ಬಿಳಿ ವಿಮಾನ. ನಡುವೆ ದೊಡ್ಡದಾಗಿ ಭೀಮಶ್ಯಾನ ಮುಖ. ಅದರ ಪಕ್ಕಕ್ಕೆ, ಚಿತ್ರದ ಅಂಚಿನಲ್ಲಿ ಹಣೆಯ ಕೂದಲು ಕತ್ತರಿಸಿ ಹೋಗಿದ್ದ ಸುರೇಖಾಳ ಮುಖ. ಕೆಳಗೆ ಶಾಸಕರ, ಅಧ್ಯಕ್ಷರ, ಪ್ರಾಚಾರ್ಯರ ಮುಖಗಳು. ಪಲ್ಲವಿ ಎಲ್ಲಿದ್ದಾಳೆಂದು ಹುಡುಕಬೇಕಾಯಿತು. ಅವಳಿದ್ದದ್ದು ವಿಮಾನದ ರೆಕ್ಕೆಯ ಕೆಳಗೆ, ಒಂದು ಸಣ್ಣ ದುಂಡು ಚಿತ್ರದಲ್ಲಿ. ಅವಳ ಫೋಟೋ ಚಿಕ್ಕದಾಗಿ ಕಳಿಸಿ ತನ್ನದನ್ನು ದೊಡ್ಡದಾಗಿ ಕಳಿಸಿದವನು ತಾನೇ ಎಂಬುದು ಅವನಿಗೆ ನೆನಪಿತ್ತು. ವೇದಿಕೆಯ ಮೇಲೆ ಕೂಡಿಸಿದರು. ಶಾಸಕರ ಕಡೆಯವರು ಬಂದಿರಲಿಲ್ಲ, ಅವರನ್ನು ಕಾಯುತ್ತ ಒಬ್ಬ ಉಪನ್ಯಾಸಕರು ಮಾತನ್ನು ಎಳೆಯುತ್ತಿದ್ದರು. ದೇಶಕ್ಕೆ ತಮ್ಮ ಕರುಳ ಕುಡಿಯನ್ನೇ ಅರ್ಪಿಸಿದ ಈ ವೀರಮಾತೆ ಎಂದು ಅವರು ಸುರೇಖಾಳ ಕಡೆ ಕೈ ಚಾಚಿದರು. ಹೆಣ್ಣುಮಕ್ಕಳು ಚಪ್ಪಾಳೆ ತಟ್ಟಿದರು. ಸುರೇಖಾ ಅವನ ಕಡೆ ಬಾಗಿ, ಇದು ಸತ್ತವರ ತಾಯಂದಿರಿಗೆ ಅನ್ನುವ ಮಾತಲ್ಲವೇ ಎಂದು ಮೆಲ್ಲಗೆ ಕೇಳಿದಳು. ಎಲ್ಲಾರಿಗೂ ಅಂತಾರ, ಎಂದ ಅವನು. ಅದೇ ಹೊತ್ತಿಗೆ ಕಿಸೆಯಲ್ಲಿ ಫೋನು ಅಲುಗಿತು.

ಪಲ್ಲವಿಯೇ. ವೇದಿಕೆಯ ಹಿಂದಿನ ಮೆಟ್ಟಿಲಿಳಿದು ಕಾಲೇಜಿನ ಹಿತ್ತಲಿಗೆ ಬಂದ. ಅಲ್ಲಿ ಕೆಟ್ಟ ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು.

“ಅಪ್ಪಾ, ಎಲ್ಲಿದ್ದಿ? ಭಾಷಣ ಸುರು ಆತೇನು?”

“ಇನ್ನೂ ಇಲ್ಲ. ಹೇಳವ್ವಾ.”

“ಒಂದ್ ಕೇಳೂದಿತ್ತು. ನಮ್ಮ ಮಂದ್ಯಾಗ ಯಾರಿಗರೆ ತಲಿ ತಿರುಗೂದು ಐತೇನು? ಡಾಕ್ಟರ್ ಕೇಳ್ಯಾರ. ನಾಳೆ ಹೇಳಬೇಕು.”

ಒಳಗೆ ಮೈಕಿನಲ್ಲಿ ಅವನ ಹೆಸರು ಕೇಳಿಬಂತು, ಜೊತೆಗೆ ಅವನಲ್ಲಿಲ್ಲದ ಗುಣಗಳು. ಭೀಮಶ್ಯಾ ಮುರಿದ ಬೆಂಚಿನ ತುದಿಯನ್ನು ಹಿಡಿದುಕೊಂಡ. ಹೌದು ಎಂದರೆ ಸಾಕು. ರೋಗ ವಂಶದ್ದೆಂದು ಅವರು ಬರೆದುಕೊಳ್ಳುತ್ತಾರೆ, ಮಗಳು ನೆಲಕ್ಕೆ ಬರುತ್ತಾಳೆ, ಅವನ ಫೋನು ಅಲುಗಿದರೆ ಇನ್ನು ಅಂಗೈ ತಣ್ಣಗಾಗುವುದಿಲ್ಲ. ಮೇಲಾಗಿ ಅವನು ಸತ್ಯವಂತನೂ ಆಗುತ್ತಾನೆ. ಇಷ್ಟು ವರ್ಷದ ಬದುಕಿನಲ್ಲಿ ಸತ್ಯ ಅವನಿಗೆ ಇಷ್ಟು ಲಾಭಕ್ಕೆ ಎಂದೂ ಸಿಕ್ಕಿರಲಿಲ್ಲ. ಇಲ್ಲ ಎಂದರೆ ಅವಳು ಹಾರುತ್ತಾಳೆ, ಅವಳ ಆಸೆ ಉಳಿಯುತ್ತದೆ, ತಂದೆಯ ಸುಳ್ಳನ್ನು ಕಿವಿಯಲ್ಲಿಟ್ಟುಕೊಂಡು ಮೋಡದೊಳಗೆ ಹೋಗುತ್ತಾಳೆ, ಮತ್ತು ಒಂದು ದಿನ ಯಾವುದೋ ಎರೆಹೊಲದಲ್ಲಿ. ಮಗಳನ್ನು ಬೆಂಬಲಿಸುವ ತಂದೆ ಯಾವುದನ್ನು ಹೇಳುತ್ತಾನೆ? ಇದರ ಮೇಲೆ ಅವನು ನಾಲ್ಕು ಊರುಗಳಲ್ಲಿ ಭಾಷಣ ಮಾಡಿದ್ದ, ಒಂದು ಸಾಲೂ ನೆನಪಿಗೆ ಬರಲಿಲ್ಲ. ಹೇಡಿತನಕ್ಕಾಗಿ ನಿಜ ಹೇಳಬೇಕು, ಇಲ್ಲವೆ ಪ್ರೀತಿಗಾಗಿ ಅವಳನ್ನು ಅಪಾಯಕ್ಕೆ ತಳ್ಳಬೇಕು. ಯಾವ ಕಡೆಯಿಂದ ನೋಡಿದರೂ ತಾನೇ ಕಾಣುತ್ತಿದ್ದ, ಬ್ಯಾನರಿನಲ್ಲಿದ್ದಷ್ಟೇ ದೊಡ್ಡದಾಗಿ.

“ಅಪ್ಪಾ? ಕೇಳಸಾಕತ್ತೈತೇನು?”

“ನನಗ ಐತಿ,” ಎಂದ. “ಸಣ್ಣಾಂವಿದ್ದಾಗಿಂದ ಐತಿ. ಯಾರಿಗೂ ಹೇಳಿಲ್ಲ.”

ಅವಳ ಬದುಕನ್ನು ತಾನು ಈಗಷ್ಟೇ ಮುರಿದುಹಾಕಿದೆ ಎಂದು ಅವನಿಗೆ ಅನಿಸಿತು. ಅಂಥದೊಂದು ಕೆಲಸ ತನ್ನಿಂದಾಯಿತಲ್ಲ ಎಂಬ ಗಾಂಭೀರ್ಯವೂ ಬಂತು.

“ನಿಂದು ಗೊತ್ತೈತಪ್ಪಾ,” ಎಂದಳು ಪಲ್ಲವಿ. “ಅದನ್ನ ಮೊದಲನೇ ಮೆಡಿಕಲ್‌ನ್ಯಾಗನ ಹೇಳೇನಿ. ನಿನ್ನ ಬಿಟ್ಟು ಮತ್ಯಾರಿಗರೆ ಐತೇನು ಅಂತ ಕೇಳಾಕತ್ತೇನಿ. ಅಜ್ಜಿಗೆ, ಕಾಕಾಗ?”

“ನಿನಗ ಹೆಂಗ ಗೊತ್ತು?”

“ಬಸ್ಸಿನ್ಯಾಗ ನನ್ನ ಕೈ ಹಿಡಕೊಂಡು ಕುಂಡ್ರತಿದ್ದೆಲ್ಲಾ. ನಾ ಹೆದರಬಾರದಂತ ಹಿಡದೇನಿ ಅಂತಿದ್ದಿ. ಬೆವರತಿದ್ದದ್ದು ನಿನ್ನ ಕೈ.”

ಹಾಗಾದರೆ ಅವನ ಗುಟ್ಟು ಸರಕಾರದ ಕಾಗದದಲ್ಲಿ ಎಂದೋ ಸೇರಿಹೋಗಿತ್ತು, ಅದನ್ನು ನೋಡಿಯೇ ಅವರು ಮಗಳನ್ನು ತೆಗೆದುಕೊಂಡಿದ್ದರು. ಇಷ್ಟು ಹೊತ್ತು ಅವನು ಹೊತ್ತು ತೂಗಿದ ಸತ್ಯ ಯಾರಿಗೂ ಬೇಕಾಗಿರಲಿಲ್ಲ. ಅಜ್ಜಿಗೂ ಕಾಕಾನಿಗೂ ಏನಿಲ್ಲ ಎಂದು ಹೇಳಿದ. ಅವಳು ಇಟ್ಟುಬಿಡುತ್ತಾಳೆಂದುಕೊಂಡರೆ ಇಡಲಿಲ್ಲ. ನಿನಗೆ ತಿರುಗಿದಾಗ ಏನು ಮಾಡುತ್ತಿದ್ದೆ ಎಂದು ಕೇಳಿದಳು. ಇಪ್ಪತ್ಮೂರು ವರ್ಷದಲ್ಲಿ ಹಾರುವ ವಿಷಯಕ್ಕೆ ಅವಳು ತಂದೆಯನ್ನು ಕೇಳಿದ ಮೊದಲ ಪ್ರಶ್ನೆ ಅದು. ಅವನು ಭಾಷಣದ ದನಿ ಬಿಟ್ಟು, ದೂರದ ಒಂದು ಗಿಡದ ಮೇಲೆ ಕಣ್ಣಿಟ್ಟು ನೋಡುತ್ತೇನೆ, ಹತ್ತಿರದ್ದನ್ನು ನೋಡುವುದಿಲ್ಲ, ಅದು ದಾಟಿಹೋದರೆ ಅಷ್ಟೇ ದೂರದ ಇನ್ನೊಂದನ್ನು, ಮತ್ತು ಉಸಿರನ್ನು ಎಣಿಸುವುದಿಲ್ಲ, ಎಣಿಸಿದರೆ ಹೆಚ್ಚಾಗುತ್ತದೆ ಎಂದ. ಇಲ್ಲಿಯೂ ಹಾಗೇ ಹೇಳುತ್ತಾರೆ, ದಿಗಂತ ನೋಡು ಎನ್ನುತ್ತಾರೆ, ಆದರೆ ಎಣಿಸಬಾರದೆಂದು ಯಾರೂ ಹೇಳಿರಲಿಲ್ಲ ಎಂದಳು. ಒಳಗಿನಿಂದ ಒಬ್ಬರು ಓಡಿಬಂದು, ಸರ್ ಶಾಸಕರ ಕಡೆಯವರು ಬಂದರು ಎಂದರು.

ವೇದಿಕೆಯ ಮೇಲೆ ಅವನು ಚೆನ್ನಾಗಿಯೇ ಮಾತಾಡಿದ; ಅದೇ ಅವನ ಶನಿ. ಹಿತ್ತಲಿನಲ್ಲಿ ಆದದ್ದು ತನ್ನನ್ನು ಬದಲಿಸಿರಬೇಕು, ಇನ್ನು ಬಾಯಿಂದ ಬೇರೆ ಮಾತು ಬರುತ್ತದೆ ಎಂದು ಎದ್ದವನು, ‘ನಾವು’ ಎಂದೇ ಶುರುಮಾಡಿದ. ನಾವು ಸಣ್ಣ ಊರಿನವರು, ಆದರೆ ನಮ್ಮ ಕನಸು ಸಣ್ಣದಲ್ಲ. ತಲೆ ತಿರುಗಿದ ಸುದ್ದಿ ಎಲ್ಲಿಯೂ ಬರಲಿಲ್ಲ. ಕೊನೆಗೆ ಪ್ರಶ್ನೆ ಕೇಳಬಹುದೆಂದರು. ನಾಲತವಾಡದಿಂದ ಬರುವ ಸಾಕ್ಷಿ ಎಂಬ ಹುಡುಗಿ ಎದ್ದು ನಿಂತಳು.

“ಸರ್, ಮಗಳು ಮ್ಯಾಲ ಇದ್ದಾಗ ಮನ್ಯಾಗ ನಿಮಗ ಹೆದರಿಕಿ ಆಗೂದಿಲ್ಲೇನ್ರಿ?”

ಹುಡುಗಿ ಕೆಣಕಲು ಕೇಳಿರಲಿಲ್ಲ, ತಿಳಿಯಲು ಕೇಳಿದ್ದಳು. ಅವಳ ಮನೆಯಲ್ಲಿಯೂ ಯಾರೋ ಹೆದರುತ್ತಿದ್ದಿರಬೇಕು. ಭೀಮಶ್ಯಾ ಬಾಯಿ ತೆರೆದ. ದೇಶ ಮೊದಲು, ಮಗಳು ಆಮೇಲೆ; ಹೆದರುವ ತಂದೆಗೆ ಹಾರುವ ಮಗಳಿರುವುದಿಲ್ಲ ಎಂಬ ಮಾತು ನುಣ್ಣಗೆ ಹೊರಗೆ ಬಂತು. ಚಪ್ಪಾಳೆ ಬಹಳ ಹೊತ್ತು ಬಿತ್ತು. ಹುಡುಗಿ ಕೂತಳು. ಅವಳು ಕೂತ ರೀತಿ ಅವನಿಗೆ ಸೇರಲಿಲ್ಲ. ಇದು ನಮ್ಮಂಥವರ ಮನೆಯ ವಿಷಯವಲ್ಲ ಎಂದು ತೀರ್ಮಾನಿಸಿ ಕೂತಂತಿತ್ತು. ಆಗ ಸುರೇಖಾ ಮೈಕು ಕೇಳಿದಳು. ಅಂಗನವಾಡಿ ಮೇಲ್ವಿಚಾರಕಿಯಾಗಿ ಸಭೆಗಳಲ್ಲಿ ಕೂತು ಬರುವವಳು, ಎಂದೂ ಎದ್ದು ಮಾತಾಡಿದವಳಲ್ಲ. ಮೈಕನ್ನು ಲಟ್ಟಣಿಗೆ ಹಿಡಿದಂತೆ ಹಿಡಿದಳು.

“ನನಗ ಆಗತೈತಿ,” ಎಂದಳು. “ದಿನಾ ಆಗತೈತಿ. ಆದ್ರ ನನ್ನ ಹೆದರಿಕಿ ನನ್ನ ಕಡೆ ಇಟ್ಟಕೋತೇನಿ. ಆಕಿಗೆ ಹೊರಸೂದಿಲ್ಲ.”

ಮತ್ತೆ ಕೂತಳು. ಯಾರಿಗೂ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯಲಿಲ್ಲ. ಪ್ರಾಚಾರ್ಯರು ವಂದನಾರ್ಪಣೆಗೆ ಸನ್ನೆ ಮಾಡಿದರು. ಭೀಮಶ್ಯಾ ಶಾಲು ಹೊದ್ದುಕೊಂಡು, ಹೆಂಡತಿಯ ಪಕ್ಕದಲ್ಲಿ, ಮದುವೆಗೆ ಬಾಡಿಗೆ ತಂದ ಕುರ್ಚಿಯಂತೆ ಕೂತಿದ್ದ. ತಿರುಗಿ ಬರುವಾಗ ಬಸ್ಸಿನಲ್ಲಿ ಅವನು ಏನೇನೋ ವಿವರಿಸಲು ಹೊರಟ: ಸಭೆಯ ಮರ್ಯಾದೆ, ಮಕ್ಕಳ ಧೈರ್ಯ, ಸಂದರ್ಭ. ಅವಳು ಕೇಳಿಸಿಕೊಂಡು, ಮಾತಾಡಿದರೆ ನಿಮಗೆ ಹೊಟ್ಟೆ ತೊಳಸುತ್ತದೆ, ಸುಮ್ಮನೆ ಕೂತುಕೊಳ್ಳಿ ಎಂದಳು. ಅವನು ಕಿಟಕಿಯಾಚೆ ದೂರದ ಒಂದು ಗಿಡವನ್ನು ಹುಡುಕಿದ.

ತಪಾಸಣೆ ಮುಂದಿನ ವಾರಕ್ಕೆ ಮುಗಿಯದೆ ಮೂರು ವಾರ ನಡೆಯಿತು. ತಿರುಗುವ ಕುರ್ಚಿಯ ಮೇಲೆ ಕೂಡಿಸಿ ದಿನಾ ತಿರುಗಿಸುತ್ತಿದ್ದರಂತೆ, ಕಣ್ಣು ಮುಚ್ಚಿಸಿ, ತೆರೆಸಿ, ತಲೆ ಬಾಗಿಸಿ. ಆ ಮೂರು ವಾರ ಭೀಮಶ್ಯಾ ಎರಡು ಊರಿನ ಆಮಂತ್ರಣಗಳಿಗೆ ಮೈಗೆ ಹುಷಾರಿಲ್ಲವೆಂದು ಹೇಳಿದ, ಹೇಳಿದ ಮೇಲೆ ನಿಜವಾಗಿಯೂ ಹುಷಾರು ತಪ್ಪಿದ. ಪ್ರಾರ್ಥನೆಗೆ ಎಲ್ಲಿಗೂ ಹೋಗಲಿಲ್ಲ. ಹೋದರೆ ಏನು ಕೇಳಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ, ಒಂಬತ್ತನೆಯ ತರಗತಿ ಬಿಟ್ಟು ಮಕ್ಕಳೆಲ್ಲ ಊಟಕ್ಕೆ ಓಡಿದ ಮೇಲೆ ಫೋನು ಬಂತು. ಪಾಸಾಗಿದ್ದಳು. ಮತ್ತೆ ಹಾರಲು ಬಿಟ್ಟಿದ್ದರು. ಅವನು ‘ಭಾಳ ಚಲೋ ಆತವ್ವಾ’ ಎಂದ. ಆ ದನಿ ಎಲ್ಲಿಯದೆಂದು ಅವನಿಗೇ ಗುರುತು ಸಿಗಲಿಲ್ಲ.

“ಅಪ್ಪಾ, ಒಂದ್ ಮಾತು ಖರೇ ಹೇಳತಿಯೇನು?”

“ಕೇಳು.”

“ನನ್ನ ತಗದು ಹಾಕಲಿ ಅಂತ ನಿನಗ ಅನಸಿತ್ತೇನು?”

ಉತ್ತರಗಳು ಸಾಲಾಗಿ ಬಂದು ನಿಂತವು. ಎಲ್ಲವೂ ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸಿದವು, ಎಲ್ಲದರಲ್ಲೂ ದೇಶವಿತ್ತು. ಸುರೇಖಾ ಹೇಳಿದ್ದೂ ನೆನಪಾಯಿತು: ಆಕಿಗೆ ಹೊರಸೂದಿಲ್ಲ. ಈಗ ಹೌದು ಎಂದರೆ ಹೊರಿಸಿದ ಹಾಗೆ. ಆದರೆ ಅವಳು ಮೊದಲೇ ಹೊತ್ತವಳಂತೆ ಕೇಳುತ್ತಿದ್ದಳು.

“ಅನಸಿತ್ತು,” ಎಂದ.

ಆ ಕಡೆ ದೂರದಲ್ಲಿ ಯಾವುದೋ ಯಂತ್ರ ಶುರುವಾಗಿ, ಸದ್ದು ಏರಿ, ನಿಂತಿತು.

“ನನಗೂ ಅನಸಿತ್ತಪ್ಪಾ,” ಎಂದಳು ಪಲ್ಲವಿ.

ಭೀಮಶ್ಯಾ ತರಗತಿಯ ಹೊಸ್ತಿಲ ಮೇಲೆ ಕೂತ. ಅಂಗಳದಲ್ಲಿ ಮಕ್ಕಳು ತಾಟು ಹಿಡಿದು ಗದ್ದಲ ಮಾಡುತ್ತಿದ್ದರು. ಇಷ್ಟು ದಿನ ತನ್ನೊಬ್ಬನದೆಂದು ಬಚ್ಚಿಟ್ಟು ಜೋಪಾನ ಮಾಡಿದ ನೀಚತನ ಅವಳದೂ ಆಗಿತ್ತು; ಅವಳಲ್ಲಿ ಅದಕ್ಕೆ ನೀಚತನವೆನ್ನಲು ಬಾಯಿ ಬರಲಿಲ್ಲ. ಇವನು ಬಸ್ಸಿನ ಸೀಟಿನಲ್ಲಿ ಕೂತು ಹೆದರಿದ್ದನ್ನು ಅವಳು ನೆಲ ಬಿಟ್ಟ ಮೇಲೆ, ಒಬ್ಬಳೇ ಕೂತು ಹೆದರಿದ್ದಳು. ಏನಾದರೂ ಹೇಳಬೇಕಿತ್ತು. ಹೋಗಬೇಡ ಎಂಬುದೂ ಅವನ ಮಾತೇ, ಹೋಗು ಎಂಬುದೂ ಅವನ ಮಾತೇ; ಎರಡೂ ಅವಳದಲ್ಲ.

“ಮತ್ತ ಈಗ?” ಎಂದ.

“ಈಗೇನು. ನಾಳೆ ಮುಂಜಾನೆ ಐತಿ.”

“ತಿಂದು ಹೋಗತಿಯೋ, ಹಂಗ ಹೋಗತಿಯೋ?”

“ಸ್ವಲ್ಪ ತಿಂದು ಹೋಗಬೇಕು. ಖಾಲಿ ಹೊಟ್ಟಿಲೆ ಇನ್ನೂ ಹೆಚ್ಚ ತಿರುಗತೈತಿ.”

“ಹಂಗಾರ ತಿಂದು ಹೋಗು,” ಎಂದ ಭೀಮಶ್ಯಾ. “ಅವಸರ ಮಾಡಬ್ಯಾಡ. ನಿಧಾನಕ್ಕ ತಿನ್ನು.”